ರೂಬಿಯನ್ನು ನಂಬಬಹುದಿತ್ತಾ? ಫ್ಯಾಂಟಸಿ ಸೀರೀಸ್‌ಗಳ ‘ಸಹಾಯಕರ’ ಒಳಲೆಕ್ಕ ಹಿಡಿಯುವ ವಿಧಾನ

ಫ್ಯಾಂಟಸಿ ಸೀರೀಸ್ ನೋಡುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. “ನಾನೀಗ ಸೀಸನ್ ನಡುವೆ ಇದ್ದೇನೆ. ಹೀರೋ ಜೊತೆ ಸೇರಿಕೊಂಡಿದ್ದಾಳಲ್ಲ ಆ ಪಿಶಾಚಿ, ಅವಳು ಒಳ್ಳೆಯವಳಾ, ಕೆಟ್ಟವಳಾ? ಕತೆ ಹೇಳಬೇಡಿ, ಸುಮ್ನೆ ಒಂದು ಸುಳಿವು ಕೊಡಿ.” ಪಿಶಾಚಿಯ ಜಾಗದಲ್ಲಿ ಕೆಲವೊಮ್ಮೆ ದೇವದೂತ ಇರುತ್ತಾನೆ, ಕೆಲವೊಮ್ಮೆ ಮಾಟಗಾತಿ, ಕೆಲವೊಮ್ಮೆ ಊರು-ಕೇರಿ ಗೊತ್ತಿಲ್ಲದ ಅಲೆಮಾರಿ. ಪ್ರಶ್ನೆ ಮಾತ್ರ ಅದೇ.

ಕತೆ ಬಿಟ್ಟುಕೊಡದೆ ಸುಳಿವು ಕೊಡುವುದು ಆಗದ ಮಾತು. ಸುಳಿವನ್ನು ನೀವೇ ಹಿಡಿಯುವ ದಾರಿಯನ್ನಂತೂ ಹೇಳಬಹುದು. ಅದಕ್ಕೆ ಮುಖ್ಯ ಉದಾಹರಣೆಯಾಗಿ ಅಮೆರಿಕದ ‘ಸೂಪರ್‌ನ್ಯಾಚುರಲ್’ ಸೀರೀಸ್‌ನ ರೂಬಿಯನ್ನು ತೆಗೆದುಕೊಂಡಿದ್ದೇನೆ. 2005ರ ಸೆಪ್ಟೆಂಬರ್‌ನಿಂದ 2020ರ ನವೆಂಬರ್‌ವರೆಗೆ 15 ಸೀಸನ್, 327 ಎಪಿಸೋಡ್ ಓಡಿದ ಸೀರೀಸ್ ಇದು. ಡೀನ್ ಮತ್ತು ಸ್ಯಾಮ್ ವಿಂಚೆಸ್ಟರ್ ಎಂಬ ಅಣ್ಣ-ತಮ್ಮ ಕಾರಿನಲ್ಲಿ ಊರೂರು ಸುತ್ತಿ ದೆವ್ವ-ಭೂತಗಳನ್ನು ಬೇಟೆಯಾಡುತ್ತಾರೆ. ಮೂರನೇ ಸೀಸನ್‌ನಲ್ಲಿ ರೂಬಿ ಎಂಬ ಡೀಮನ್ ತಾನಾಗಿಯೇ ಬಂದು ಇವರ ಪರ ನಿಲ್ಲುತ್ತಾಳೆ. ಡೀಮನ್ ಅಂದರೆ ಈ ಕತೆಯಲ್ಲಿ ನರಕದಿಂದ ಬಂದು ಮನುಷ್ಯರ ಮೈ ಹೊಕ್ಕುವ ಪಿಶಾಚಿ. ಇಂಥ ಪಾತ್ರವನ್ನು ಪರೀಕ್ಷೆ ಮಾಡುವುದಕ್ಕೆ ರೂಬಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ‘ಸೂಪರ್‌ನ್ಯಾಚುರಲ್’ನ 3, 4 ಮತ್ತು 6ನೇ ಸೀಸನ್, ‘ದಿ ರಿಂಗ್ಸ್ ಆಫ್ ಪವರ್’ನ ಮೊದಲ ಸೀಸನ್, ‘ಗೇಮ್ ಆಫ್ ಥ್ರೋನ್ಸ್’ನ 5 ಮತ್ತು 6ನೇ ಸೀಸನ್, ಇವುಗಳ ಗುಟ್ಟು ಇಲ್ಲಿ ಬಯಲಾಗುತ್ತದೆ. ನೋಡಬೇಕೆಂದಿರುವವರು ನೋಡಿಕೊಂಡೇ ಬನ್ನಿ.

ಮೊದಲು ಬೇಕಾಗುವುದು

ಒಂದು ನೋಟ್‌ಬುಕ್ ಸಾಕು. ಫೋನಿನ ನೋಟ್ಸ್ ಆದರೂ ಸರಿ. ಸಬ್‌ಟೈಟಲ್ ಆನ್ ಇರಲಿ. ಇಂಥ ಪಾತ್ರಗಳು ಮುಖ್ಯವಾದ ಮಾತನ್ನು ಪಿಸುದನಿಯಲ್ಲೋ ಜಗಳದ ನಡುವೆಯೋ ಹೇಳಿಬಿಡುತ್ತವೆ. ಕಿವಿಗೆ ಬೀಳದೆ ಹೋದರೆ ಸುಳಿವೇ ಹೋಯಿತು.

ಮೂರು ಪದ ಗೊತ್ತಿದ್ದರೆ ಅನುಕೂಲ. ‘ಪಿಒವಿ’ ಅಂದರೆ ಒಂದು ದೃಶ್ಯವನ್ನು ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎನ್ನುವುದು. ‘ರೆಟ್‌ಕಾನ್’ ಅಂದರೆ ಹಳೆಯ ಘಟನೆಗೆ ಬರಹಗಾರರು ಆಮೇಲೆ ಹೊಸ ಅರ್ಥ ಅಂಟಿಸುವುದು. ‘ರೀಕ್ಯಾಪ್’ ಅಂದರೆ ಎಪಿಸೋಡ್ ಶುರುವಿನಲ್ಲಿ ತೋರಿಸುವ ಹಿಂದಿನ ಕತೆಯ ತುಣುಕುಗಳು. ಈ ಕೊನೆಯದರ ಬಗ್ಗೆ ಒಂದು ಸಲಹೆ: ಪತ್ತೇದಾರಿ ಮಾಡಬೇಕು ಅಂತಿದ್ದರೆ ರೀಕ್ಯಾಪ್ ಸ್ಕಿಪ್ ಮಾಡಿ. ಎರಡು ಸೀಸನ್ ಹಿಂದಿನ ಮರೆತುಹೋದ ದೃಶ್ಯವೊಂದು ದಿಢೀರ್ ಅಂತ ರೀಕ್ಯಾಪ್‌ನಲ್ಲಿ ಬಂತು ಅಂದರೆ ಇವತ್ತು ಅದರ ಕತೆ ಇದೆ ಅಂತಲೇ ಅರ್ಥ. ಅದು ನೀವು ಹಿಡಿದದ್ದಲ್ಲ, ಎಡಿಟರ್ ಕೊಟ್ಟದ್ದು.

ಹಂತ 1: ಕೊಟ್ಟ ಮಾತನ್ನು ಕೊಟ್ಟ ಹಾಗೇ ಬರೆದಿಡಿ

ಸಹಾಯಕ ಪಾತ್ರ ಮೊದಲ ಸಲ ಬಂದಾಗ ಏನು ಆಸೆ ತೋರಿಸಿತು? ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ನಿಮ್ಮ ಅಭಿಪ್ರಾಯ ಸೇರಿಸಬೇಡಿ.

ರೂಬಿಯ ವಿಷಯದಲ್ಲಿ ಇದು ಸುಲಭ. ಸತ್ತ ತಮ್ಮನನ್ನು ಬದುಕಿಸಲು ಡೀನ್ ತನ್ನ ಆತ್ಮವನ್ನೇ ಅಡವಿಟ್ಟಿದ್ದಾನೆ. ಅವನಿಗೆ ಒಂದೇ ವರ್ಷ ಗಡುವು, ಆಮೇಲೆ ನರಕ. ಸ್ಯಾಮ್ ಹತಾಶನಾಗಿದ್ದಾನೆ. ಅಂಥ ಹೊತ್ತಿನಲ್ಲಿ ರೂಬಿ ಬಂದು, ನಿನ್ನ ಅಣ್ಣನನ್ನು ಉಳಿಸಲು ನಾನು ಸಹಾಯ ಮಾಡಬಲ್ಲೆ ಅನ್ನುತ್ತಾಳೆ. ನೋಟ್‌ಬುಕ್‌ನಲ್ಲಿ ಇಷ್ಟೇ ಬರೆಯಿರಿ: “ಡೀನ್‌ನನ್ನು ಉಳಿಸುವ ಆಸೆ ತೋರಿಸಿದಳು. ಸ್ಯಾಮ್‌ಗೆ ಮಾತ್ರ.”

ಈಗ ಮೂರನೇ ಸೀಸನ್‌ನ ಒಂಬತ್ತನೇ ಎಪಿಸೋಡ್‌ಗೆ ಬನ್ನಿ. ರೂಬಿ ಡೀನ್ ಜೊತೆ ಒಬ್ಬಳೇ ಮಾತಾಡುತ್ತಾಳೆ. ತಾನೂ ಒಂದು ಕಾಲದಲ್ಲಿ ಮನುಷ್ಯಳಾಗಿದ್ದೆ, ಪ್ಲೇಗ್ ಕಾಲದ ಮಾಟಗಾತಿಯಾಗಿದ್ದೆ ಎಂದು ಒಪ್ಪಿಕೊಳ್ಳುತ್ತಾಳೆ. ನರಕ ಮನುಷ್ಯರನ್ನು ಸುಟ್ಟು ಸುಟ್ಟು ಡೀಮನ್ ಮಾಡುತ್ತದೆ ಅನ್ನುತ್ತಾಳೆ. ಆಮೇಲೆ ನಿಜ ಹೇಳುತ್ತಾಳೆ: ನಿನ್ನನ್ನು ಉಳಿಸಲು ದಾರಿಯೇ ಇಲ್ಲ. ಸ್ಯಾಮ್ ನನ್ನ ಮಾತು ಕೇಳಲಿ ಅಂತ ಹಾಗೆ ಹೇಳಿದ್ದೆ. ನೀನಿಲ್ಲದ ಮೇಲೆ ಅವನು ಒಬ್ಬನೇ ಯುದ್ಧ ಮಾಡಬೇಕು, ಅದಕ್ಕೆ ಅವನನ್ನು ತಯಾರು ಮಾಡಲು ನೀನೇ ನನಗೆ ಸಹಾಯ ಮಾಡು.

ಮೊದಲ ಸಲ ನೋಡಿದಾಗ ಈ ದೃಶ್ಯ ರೂಬಿಯ ಮೇಲೆ ಪ್ರೀತಿ ಹುಟ್ಟಿಸುತ್ತದೆ. ಎಷ್ಟು ನೇರವಾಗಿ ಮಾತಾಡಿದಳಲ್ಲ ಅನ್ನಿಸುತ್ತದೆ. ನೋಟ್‌ಬುಕ್ ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. ಮೊದಲು ತೋರಿಸಿದ ಆಸೆ ಸುಳ್ಳು ಅಂತ ಅವಳೇ ಒಪ್ಪಿಕೊಂಡಳು. ಒಪ್ಪಿಕೊಂಡ ಕೂಡಲೇ ಹೊಸ ಕೆಲಸ ಮುಂದಿಟ್ಟಳು: ಅಣ್ಣನಿಲ್ಲದ ಸ್ಯಾಮ್. ಗುರಿ ಏನು ಅಂತ ಇಲ್ಲೇ ಹೇಳಿಬಿಟ್ಟಿದ್ದಾಳೆ, ಕಾರಣ ಮಾತ್ರ ಹೇಳಿಲ್ಲ.

ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಪಾತ್ರವೊಂದು ಒಂದು ಸುಳ್ಳನ್ನು ತಾನಾಗಿ ಒಪ್ಪಿಕೊಂಡರೆ ಉಳಿದದ್ದೆಲ್ಲ ನಿಜ ಎಂದುಕೊಳ್ಳುತ್ತೇವೆ. ದೊಡ್ಡ ಗುಟ್ಟನ್ನು ಕಾಯಲು ಸಣ್ಣ ಗುಟ್ಟನ್ನು ಬಿಟ್ಟುಕೊಡುವುದು ತುಂಬಾ ಹಳೆಯ ಉಪಾಯ.

ಹಂತ 2: ಸಹಾಯ ನಿಜವಾದದ್ದೇ ಎಂದು ಒಪ್ಪಿಕೊಳ್ಳಿ

“ಅವಳು ಅಷ್ಟೊಂದು ಸಲ ಜೀವ ಉಳಿಸಿದ್ದಾಳೆ, ಕೆಟ್ಟವಳಾಗಲು ಹೇಗೆ ಸಾಧ್ಯ?” ಇದು ರೂಬಿಯ ಪರ ಬರುವ ದೊಡ್ಡ ವಾದ. ವಾದದ ಮೊದಲ ಅರ್ಧ ಪೂರ್ತಿ ಸರಿ. ಬಂದ ಮೊದಲ ಎಪಿಸೋಡ್‌ನಲ್ಲೇ ಸ್ಯಾಮ್‌ನನ್ನು ಡೀಮನ್‌ಗಳ ಕೈಯಿಂದ ಉಳಿಸುತ್ತಾಳೆ. ಡೀಮನ್‌ಗಳನ್ನು ಕೊಲ್ಲುವ ಚಾಕು ಅವಳದ್ದೇ. ಡೀಮನ್‌ಗಳನ್ನೂ ಕೊಲ್ಲಬಲ್ಲ ಕೋಲ್ಟ್ ಪಿಸ್ತೂಲು ಕೆಟ್ಟುಹೋದಾಗ ಅದನ್ನು ಸರಿಮಾಡಲು, ಅಣ್ಣ-ತಮ್ಮನಿಗೆ ಅಪ್ಪನಂತಿರುವ ಹಿರಿಯ ಬೇಟೆಗಾರ ಬಾಬಿಗೆ ಕೈಜೋಡಿಸಿದವಳೂ ಅವಳೇ. ಇದರಲ್ಲಿ ಯಾವುದೂ ನಾಟಕವಲ್ಲ, ಚಾಕು ನಿಜಕ್ಕೂ ಕೊಲ್ಲುತ್ತದೆ.

ನಮ್ಮ ಜನರ ಬಾಯಲ್ಲಿ ಓಡಾಡುವ ಶಕುನಿಯ ಕತೆ ನೆನಪಿಸಿಕೊಳ್ಳಿ. ಅಪ್ಪನ ಮೂಳೆಯಿಂದ ದಾಳ ಮಾಡಿ, ಕೌರವರ ಪಕ್ಕದಲ್ಲೇ ಕೂತು, ಕೌರವರ ವಂಶ ಮುಗಿಸಿದ ಶಕುನಿ. ಆ ಕತೆಯಲ್ಲಿ ದಾಳ ಒಂದು ಸಲವೂ ದುರ್ಯೋಧನನಿಗೆ ಕೈಕೊಡುವುದಿಲ್ಲ. ಪ್ರತಿ ಆಟವೂ ಅವನದ್ದೇ ಗೆಲುವು. ಸಹಾಯ ನಿಜವಾ ಸುಳ್ಳಾ ಅಂತ ಪರೀಕ್ಷೆ ಮಾಡುತ್ತಾ ಕೂತರೆ ಶಕುನಿ ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಅದಕ್ಕೇ ಈ ಹಂತದಲ್ಲಿ ಮಾಡಬೇಕಾದದ್ದು ಬರೀ ಪಟ್ಟಿ. ಪಾತ್ರ ಮಾಡಿದ ಸಹಾಯಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ, ಇದಾದ ಮೇಲೆ ಹೀರೋ ಎಲ್ಲಿಗೆ ಹೋಗಿ ನಿಂತ ಅಂತ ಬರೆಯಿರಿ. ತೀರ್ಮಾನ ಈಗ ಬೇಡ.

ಹಂತ 3: ಸುಳ್ಳು ಹುಡುಕಬೇಡಿ, ಲಾಭ ಹುಡುಕಿ

ಇಡೀ ವಿಧಾನದ ತಿರುಳು ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಹಾಯಕ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಳ್ಳಿ. ಅವನು ಹೇಳಿದ ಕೆಲಸವನ್ನು ಹೀರೋ ಪೂರ್ತಿ ಮಾಡಿ ಮುಗಿಸಿದ ಅಂತಲೂ ಇಟ್ಟುಕೊಳ್ಳಿ. ಅದರ ಮರುದಿನ ಲೋಕ ಹೇಗಿರುತ್ತದೆ? ಆ ಲೋಕದಲ್ಲಿ ಯಾರ ಕೈ ಮೇಲಾಗಿರುತ್ತದೆ?

ನಾಲ್ಕನೇ ಸೀಸನ್‌ನಲ್ಲಿ ರೂಬಿ ಹೇಳುವ ಕೆಲಸ ಒಂದೇ: ಲಿಲಿತ್‌ಳನ್ನು ಕೊಲ್ಲು. ಲಿಲಿತ್ ಡೀಮನ್‌ಗಳ ನಾಯಕಿ. ನರಕದ ಪಂಜರದಲ್ಲಿರುವ ಲೂಸಿಫರ್‌ನನ್ನು ಬಿಡಿಸಲು ಅವಳು ಮುದ್ರೆಗಳನ್ನು ಒಡೆಯುತ್ತಿದ್ದಾಳೆ. ಲೂಸಿಫರ್ ಅಂದರೆ ಸೈತಾನ, ಅವನು ಹೊರಬಂದರೆ ಪ್ರಳಯ. ಮುದ್ರೆ ಅಂದರೆ ಪಂಜರದ ಬೀಗಗಳು ಅಂದುಕೊಳ್ಳಿ. ಆರುನೂರಕ್ಕೂ ಹೆಚ್ಚು ಇವೆ, 66 ಒಡೆದರೆ ಸಾಕು. ಹಾಗಾದರೆ ಲಿಲಿತ್‌ಳನ್ನು ಕೊಂದರೆ ಎಲ್ಲ ನಿಲ್ಲುತ್ತದೆ, ಅಲ್ವಾ? ಸ್ಯಾಮ್ ಹಾಗೇ ನಂಬುತ್ತಾನೆ, ನಾವೂ ನಂಬುತ್ತೇವೆ.

ನೋಟ್‌ಬುಕ್ ಇಟ್ಟುಕೊಂಡವರು ಇಲ್ಲಿ ಮೂರು ವಿಷಯ ಗಮನಿಸುತ್ತಾರೆ.

ಒಂದು, ಕೊಲ್ಲಬೇಕಾದವನು ಸ್ಯಾಮ್ ಮಾತ್ರ. ದೇವದೂತರು ಭೂಮಿಗೆ ಇಳಿದು ಬಂದಿದ್ದಾರೆ, ಅವರಿಗೆ ಶಕ್ತಿ ಇದೆ. ಆದರೂ ಕೊಲೆಯ ಕೆಲಸ ಸ್ಯಾಮ್ ಒಬ್ಬನ ಪಾಲಿಗೆ ಬಂದು ನಿಲ್ಲುತ್ತದೆ. ಯಾಕೆ ಅವನೇ? ಉತ್ತರ ಸಿಗದ “ಯಾಕೆ” ಸಿಕ್ಕಿದಾಗ ಅದರ ಕೆಳಗೆ ಎರಡು ಗೆರೆ ಎಳೆಯಿರಿ.

ಎರಡು, ಕೊಲ್ಲುವ ಶಕ್ತಿ ಬರಬೇಕಾದರೆ ಅವನು ಡೀಮನ್ ರಕ್ತ ಕುಡಿಯಬೇಕು. ಅದೂ ಮೊದಮೊದಲು ರೂಬಿಯದ್ದೇ ರಕ್ತ. ಸಹಾಯ ಮಾಡುವವರೇ ಚಟ ಹತ್ತಿಸುತ್ತಿದ್ದಾರೆ ಅಂದರೆ ಅದರ ಲೆಕ್ಕ ಬೇರೆಯೇ ಇರುತ್ತದೆ.

ಮೂರನೆಯದು ಕಣ್ಣ ಮುಂದೆಯೇ ಇರುವ ಸುಳಿವು. ಹದಿನೆಂಟನೇ ಎಪಿಸೋಡ್‌ನಲ್ಲಿ ಲಿಲಿತ್ ತಾನೇ ಸ್ಯಾಮ್ ಹತ್ತಿರ ಬಂದು ರಾಜಿಗೆ ಕೂರುತ್ತಾಳೆ. ಮುದ್ರೆ ಒಡೆಯುವುದನ್ನು ನಿಲ್ಲಿಸುತ್ತೇನೆ, ಬದಲಿಗೆ ನಿಮ್ಮಿಬ್ಬರ ಜೀವ ಕೊಡಿ ಅನ್ನುತ್ತಾಳೆ. ಕಾರಣ ಕೇಳಿದರೆ, ಈ ಪ್ರಳಯ ನಡೆದರೆ ಅದನ್ನು ನೋಡಲು ನಾನು ಬದುಕಿರುವುದಿಲ್ಲ ಅಂತ ಗೊತ್ತಾಯಿತು ಅನ್ನುತ್ತಾಳೆ. ಸ್ಯಾಮ್ ಇದನ್ನು ಸೋಲುವವಳ ಭಯ ಅಂದುಕೊಳ್ಳುತ್ತಾನೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಕೊನೆಯ ಮುದ್ರೆ ಲಿಲಿತ್‌ಳ ಸಾವು!

2009ರ ಮೇ 14ರಂದು ಪ್ರಸಾರವಾದ ನಾಲ್ಕನೇ ಸೀಸನ್‌ನ ಕೊನೆಯ ಎಪಿಸೋಡ್‌ನಲ್ಲಿ ಮೇರಿಲ್ಯಾಂಡ್‌ನ ಇಲ್‌ಚೆಸ್ಟರ್‌ನ ಪಾಳು ಕಾನ್ವೆಂಟ್‌ನಲ್ಲಿ ಸ್ಯಾಮ್ ಅವಳನ್ನು ಕೊಲ್ಲುತ್ತಾನೆ. ಅವಳ ರಕ್ತ ನೆಲದ ಮೇಲೆ ಹರಿದು ಸುರುಳಿಯಾಗಿ ಸುತ್ತತೊಡಗುತ್ತದೆ. ಸ್ಯಾಮ್‌ಗೆ ಏನೂ ಅರ್ಥವಾಗುತ್ತಿಲ್ಲ. ಪಕ್ಕದಲ್ಲಿ ರೂಬಿ ಖುಷಿಯಿಂದ ಕುಣಿಯುವುದೊಂದು ಬಾಕಿ. ನನ್ನ ಕೆಲಸ ಏನೆಂದು ಬೇರೆ ಡೀಮನ್‌ಗಳಿಗೂ ಗೊತ್ತಿರಲಿಲ್ಲ, ಲಿಲಿತ್ ಒಬ್ಬಳಿಗೇ ಗೊತ್ತಿತ್ತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ರಕ್ತವೇ ಬೇಕಿರಲಿಲ್ಲ, ಶಕ್ತಿ ನಿನ್ನೊಳಗೇ ಇತ್ತು, ನಾನು ದಾರಿ ತೋರಿಸಿದೆ ಅಷ್ಟೇ, ಆಯ್ಕೆಯೆಲ್ಲ ನಿನ್ನದು ಅನ್ನುತ್ತಾಳೆ. ಅಷ್ಟರಲ್ಲಿ ಡೀನ್ ಬರುತ್ತಾನೆ. ಸ್ಯಾಮ್ ಅವಳನ್ನು ಹಿಂದಿನಿಂದ ಹಿಡಿದುಕೊಳ್ಳುತ್ತಾನೆ, ಡೀನ್ ಅವಳದ್ದೇ ಚಾಕುವಿನಿಂದ ತಿವಿಯುತ್ತಾನೆ.

“ಮರುದಿನದ ಲೋಕ” ಎನ್ನುವ ಪ್ರಶ್ನೆಯನ್ನು ಸ್ಯಾಮ್ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಲಿಲಿತ್ ಸತ್ತ ಮೇಲೆ ರೂಬಿಗೆ ಏನು ಸಿಗುತ್ತದೆ? ತನ್ನ ಜಾತಿಯವರನ್ನೆಲ್ಲ ಎದುರು ಹಾಕಿಕೊಂಡ ಡೀಮನ್ ಆಮೇಲೆ ಎಲ್ಲಿ ಬದುಕುತ್ತದೆ? ಎರಡು ಸೀಸನ್‌ನಲ್ಲಿ ರೂಬಿ ತನಗಾಗಿ ಏನನ್ನೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಇದೇ. ಏನೂ ಕೇಳದೆ ಸಹಾಯ ಮಾಡುವ ಪಿಶಾಚಿ ಕಂಡರೆ, ಅವಳಿಗೆ ಬೇಕಾದದ್ದು ಆಗಲೇ ಸಿಗುತ್ತಿದೆಯಾ ಅಂತ ನೋಡಿ.

ಹಂತ 4: ಹೀರೋ ಸುತ್ತ ಎಷ್ಟು ಜನ ಉಳಿದಿದ್ದಾರೆ ಎಣಿಸಿ

ಸಹಾಯಕ ಬರುವ ಮೊದಲು ಹೀರೋ ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ? ಈಗ ಯಾರ ಹತ್ತಿರ? ಹೆಸರುಗಳು ಕಡಿಮೆಯಾಗುತ್ತಾ ಹೋದರೆ ಹುಷಾರಾಗಿ.

ಸ್ಯಾಮ್ ಮೊದಲು ಡೀನ್‌ಗೆ ಸುಳ್ಳು ಹೇಳುತ್ತಾನೆ, ಆಮೇಲೆ ಬಾಬಿಗೆ. ಇಬ್ಬರೂ ಸೇರಿ ಅವನನ್ನು ಕಬ್ಬಿಣದ ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಲು ನೋಡುತ್ತಾರೆ. ಕೊನೆಗೆ ಅಣ್ಣ-ತಮ್ಮ ಹೊಡೆದಾಡಿಕೊಂಡು ಬೇರೆಯಾಗುತ್ತಾರೆ. ಸ್ಯಾಮ್ ಹೋಗಿ ಸೇರುವುದು ರೂಬಿಯನ್ನೇ. ಬೇರೆ ಯಾರು ಉಳಿದಿದ್ದಾರೆ?

ಒಂದು ಎಚ್ಚರಿಕೆ. ಎಲ್ಲ ತಪ್ಪನ್ನೂ ಒಬ್ಬಳ ತಲೆಗೆ ಕಟ್ಟಬೇಡಿ. ಆ ಕಬ್ಬಿಣದ ಕೋಣೆಯ ಬಾಗಿಲು ತೆಗೆದದ್ದು ರೂಬಿಯಲ್ಲ, ದೇವದೂತ ಕ್ಯಾಸ್ಟಿಯೆಲ್. ಅವನ ಮೇಲಧಿಕಾರಿಗಳಿಗೂ ಪ್ರಳಯವೇ ಬೇಕಿತ್ತು. ಅಣ್ಣ ತನ್ನನ್ನು ಕೈಬಿಟ್ಟ ಅಂತ ಸ್ಯಾಮ್ ನಂಬುವಂತೆ ಮಾಡಿದ ಕೊನೆಯ ವಾಯ್ಸ್‌ಮೇಲ್ ಕೂಡ ಡೀನ್ ನಿಜವಾಗಿ ಬಿಟ್ಟ ಮೆಸೇಜ್ ಆಗಿರಲಿಲ್ಲ. ಕಪ್ಪು ಕಣ್ಣಿನ ಡೀಮನ್ ಮೇಲೆ ಕಣ್ಣಿಟ್ಟು ಕೂತವರು ರೆಕ್ಕೆ ಇದ್ದವರನ್ನು ಗಮನಿಸಲೇ ಇಲ್ಲ.

ಹಂತ 5: ಕತೆ ಯಾರು ಹೇಳುತ್ತಿದ್ದಾರೆ ನೋಡಿ

ನಾಲ್ಕನೇ ಸೀಸನ್‌ನ ಒಂಬತ್ತನೇ ಎಪಿಸೋಡ್ ನೋಡಿದವರಲ್ಲಿ ಬಹಳ ಮಂದಿ ರೂಬಿಯನ್ನು ನಂಬಿಬಿಡುತ್ತಾರೆ. ಮೂರನೇ ಸೀಸನ್ ಕೊನೆಗೆ ಗಡುವು ಮುಗಿದು ಡೀನ್ ನರಕದಲ್ಲಿದ್ದ ತಿಂಗಳುಗಳಲ್ಲಿ ಏನಾಯಿತು ಅಂತ ಫ್ಲ್ಯಾಶ್‌ಬ್ಯಾಕ್ ತೋರಿಸುತ್ತದೆ. ಇನ್ನೊಬ್ಬಳ ಮೈಯಲ್ಲಿ ಬಂದ ರೂಬಿಗೆ ಸ್ಯಾಮ್ ತಕರಾರು ಮಾಡುತ್ತಾನೆ. ಅವಳು ಆ ಹುಡುಗಿಯನ್ನು ಬಿಟ್ಟು, ಜೀವ ಹೋದ ಖಾಲಿ ದೇಹವೊಂದನ್ನು ಹುಡುಕಿಕೊಂಡು ಬರುತ್ತಾಳೆ. ಆಸ್ಪತ್ರೆಯ ಕಾಗದವನ್ನೂ ತೋರಿಸುತ್ತಾಳೆ. ಕುಡಿದು ಹಾಳಾಗುತ್ತಿದ್ದ ಸ್ಯಾಮ್‌ನನ್ನು ಸರಿದಾರಿಗೆ ತರುತ್ತಾಳೆ. ಕತೆ ಕೇಳಿದ ಡೀನ್ ಕೂಡ ಮುಖ ಸಿಂಡರಿಸಿಕೊಂಡೇ ಅವಳಿಗೆ ಥ್ಯಾಂಕ್ಸ್ ಹೇಳುತ್ತಾನೆ.

ಈ ಫ್ಲ್ಯಾಶ್‌ಬ್ಯಾಕ್ ಹೇಳುತ್ತಿರುವವನು ಸ್ಯಾಮ್. ಕೇಳುತ್ತಿರುವವನು ಡೀನ್. ಅಣ್ಣನ ಎದುರು ತಮ್ಮ ಎಷ್ಟು ಹೇಳಬೇಕೋ ಅಷ್ಟನ್ನೇ ಹೇಳುತ್ತಾನೆ. ರಕ್ತ ಕುಡಿಯುವ ವಿಷಯ ಇಡೀ ಕತೆಯಲ್ಲಿ ಇಲ್ಲ. ಅದು ನಮಗೆ ಗೊತ್ತಾಗುವುದು ಹದಿನಾರನೇ ಎಪಿಸೋಡ್‌ನಲ್ಲಿ. ಅಂದರೆ ರೂಬಿಯ ಒಳ್ಳೆಯತನಕ್ಕೆ ನಮಗಿದ್ದ ದೊಡ್ಡ ಸಾಕ್ಷಿ, ಅವಳಿಂದ ಲಾಭ ಪಡೆಯುತ್ತಿದ್ದ, ಅವಳನ್ನು ಪ್ರೀತಿಸುತ್ತಿದ್ದ, ಅಣ್ಣನಿಂದ ಮುಚ್ಚಿಡಲು ಕಾರಣವಿದ್ದ ಒಬ್ಬನ ಹೇಳಿಕೆ.

ಹಾಗಾಗಿ ಫ್ಲ್ಯಾಶ್‌ಬ್ಯಾಕ್ ಬಂದಾಗಲೆಲ್ಲ ಮೂಲೆಯಲ್ಲಿ ಪಿಒವಿ ಬರೆದುಕೊಳ್ಳಿ. ಕ್ಯಾಮೆರಾ ತೋರಿಸಿತು ಅಂತ ಅದು ಪೂರ್ತಿ ನಿಜವಾಗುವುದಿಲ್ಲ. ಸಹಾಯಕ ಪಾತ್ರ ಒಬ್ಬಳೇ ಇರುವ ದೃಶ್ಯ ಎಷ್ಟಿವೆ ಅಂತಲೂ ನೋಡಿ. ಒಬ್ಬಳೇ ಇದ್ದಾಗ ಏನು ಮಾಡುತ್ತಾಳೆ ಅಂತ ಸೀರೀಸ್ ತೋರಿಸುತ್ತಲೇ ಇಲ್ಲ ಅಂದರೆ, ತೋರಿಸದಿರಲು ಕಾರಣ ಇದ್ದೇ ಇರುತ್ತದೆ.

ಹಂತ 6: ಸುಳ್ಳೇ ಹೇಳದವರನ್ನು ಹಿಡಿಯುವುದು

‘ದಿ ರಿಂಗ್ಸ್ ಆಫ್ ಪವರ್’ನ ಹ್ಯಾಲ್‌ಬ್ರಾಂಡ್ ಈ ಜಾತಿಯವನು. ಸಮುದ್ರದ ನಡುವೆ ತೆಪ್ಪದ ಮೇಲೆ ಕತೆಯ ನಾಯಕಿ ಗೆಲಾಡ್ರಿಯಲ್‌ಗೆ ಸಿಗುತ್ತಾನೆ. ಅವನ ಹತ್ತಿರ ಇರುವ ಲಾಂಛನ ನೋಡಿ ಅವಳು, ನೀನು ಸೌತ್‌ಲ್ಯಾಂಡ್ಸ್‌ನ ರಾಜವಂಶದವನು ಅನ್ನುತ್ತಾಳೆ. ಅವನು, ಸತ್ತವನೊಬ್ಬನ ಹತ್ತಿರ ಸಿಕ್ಕಿತು ಅನ್ನುತ್ತಾನೆ. ಅವಳು ನಂಬುವುದಿಲ್ಲ, ವಿನಯ ಅಂದುಕೊಳ್ಳುತ್ತಾಳೆ. 2022ರ ಅಕ್ಟೋಬರ್ 14ರಂದು ಬಂದ ಕೊನೆಯ ಎಪಿಸೋಡ್‌ನಲ್ಲಿ ಅನುಮಾನ ಬಂದು ಹಳೆಯ ದಾಖಲೆ ತರಿಸುತ್ತಾಳೆ. ಆ ವಂಶ ಸಾವಿರ ವರ್ಷದ ಹಿಂದೆಯೇ ಮುಗಿದಿದೆ. ಕೇಳಿದರೆ ಅವನು, ನಾನು ಆಗಲೇ ಹೇಳಿದ್ದೆನಲ್ಲ ಅನ್ನುತ್ತಾನೆ. ಹೇಳಿದ್ದ, ನಿಜ. ಅವನು ಸೌರಾನ್, ಗೆಲಾಡ್ರಿಯಲ್ ಇಷ್ಟು ದಿನ ಹುಡುಕುತ್ತಿದ್ದ ಖಳನಾಯಕ.

ಇಂಥವರಿಗೆ ಪರೀಕ್ಷೆ ಸರಳ. ಅವರ ಬಗ್ಗೆ ನಿಮಗೆ ಗೊತ್ತಿರುವ ಪ್ರತಿ ವಿಷಯದ ಮುಂದೆ “ಇದನ್ನು ಯಾರು ಹೇಳಿದರು?” ಅಂತ ಬರೆಯಿರಿ. ಹ್ಯಾಲ್‌ಬ್ರಾಂಡ್ ರಾಜ ಎಂದವಳು ಗೆಲಾಡ್ರಿಯಲ್. ಅವನು ತಾನಾಗಿ ಆ ಮಾತು ಎತ್ತಲಿಲ್ಲ, ಬೇಡ ಅಂತ ಗಟ್ಟಿಯಾಗಿ ತಳ್ಳಲೂ ಇಲ್ಲ. ಪಟ್ಟಿಯಲ್ಲಿ ಸಹಾಯಕನ ಸ್ವಂತ ಬಾಯಿಂದ ಬಂದದ್ದು ಎರಡು-ಮೂರು ಸಾಲಿಗಿಂತ ಜಾಸ್ತಿ ಇಲ್ಲದಿದ್ದರೆ, ಉಳಿದದ್ದನ್ನು ಹೀರೋ ತನ್ನ ಆಸೆಯಿಂದ ತುಂಬಿಕೊಂಡಿದ್ದಾಳೆ ಅಂತ ತಿಳಿಯಿರಿ.

ಹಂತ 7: ಗೊತ್ತಿರಬಾರದ್ದು ಗೊತ್ತಿದೆಯಾ?

ಸಿಕ್ಕರೆ ಇದರಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ‘ಸೂಪರ್‌ನ್ಯಾಚುರಲ್’ ಆರನೇ ಸೀಸನ್‌ನ ಇಪ್ಪತ್ತನೇ ಎಪಿಸೋಡ್ ಇದಕ್ಕೆ ಮಾದರಿ. ಇಲ್ಲಿ ಅನುಮಾನ ಇರುವುದು ಕ್ಯಾಸ್ಟಿಯೆಲ್ ಮೇಲೆ, ಎರಡು ವರ್ಷ ಜೊತೆಗೆ ಹೋರಾಡಿದ ದೇವದೂತನ ಮೇಲೆ. ಬಾಬಿ ಮತ್ತು ಅಣ್ಣ-ತಮ್ಮ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಸೂಪರ್‌ಮ್ಯಾನ್ ಕೆಟ್ಟವರ ಕಡೆ ಸೇರಿಬಿಟ್ಟಿದ್ದರೆ ಕ್ರಿಪ್ಟೊನೈಟ್ ಹುಡುಕಬೇಕು ಅನ್ನುವ ಧಾಟಿಯಲ್ಲಿ. ಕ್ರಿಪ್ಟೊನೈಟ್ ಅಂದರೆ ಸೂಪರ್‌ಮ್ಯಾನ್‌ನ ಶಕ್ತಿ ಕುಗ್ಗಿಸುವ ಕಲ್ಲು. ಆಗ ಕ್ಯಾಸ್ಟಿಯೆಲ್ ಅಲ್ಲಿಲ್ಲ, ಕನಿಷ್ಠ ಕಾಣುವಂತೆ ಇಲ್ಲ.

ಆಮೇಲೆ ಅವನು ಬಂದು ಅವರನ್ನು ಡೀಮನ್‌ಗಳಿಂದ ಉಳಿಸುತ್ತಾನೆ. ಎಲ್ಲರೂ ನಿರಾಳ. ಅನುಮಾನಪಟ್ಟದ್ದಕ್ಕೆ ಕ್ಷಮೆಯನ್ನೂ ಕೇಳುತ್ತಾರೆ. ಕ್ಯಾಸ್ಟಿಯೆಲ್ ಸಮಾಧಾನದ ದನಿಯಲ್ಲಿ, ಸೂಪರ್‌ಮ್ಯಾನ್ ಕೆಟ್ಟವನಾಗುವುದು ಅಂದರೆ ವಿಚಿತ್ರವೇ ಅನ್ನುತ್ತಾನೆ. ಡೀನ್‌ನ ಮುಖ ನೋಡಿ. ನಗು ಅರ್ಧಕ್ಕೇ ನಿಲ್ಲುತ್ತದೆ. ಆ ಮಾತು ಇವನಿಗೆ ಹೇಗೆ ಗೊತ್ತು? ಕಣ್ಣಿಗೆ ಕಾಣದೆ ನಿಂತು ಕೇಳುತ್ತಿದ್ದ!

ಮುಂದೆ ಉರಿಯುವ ಎಣ್ಣೆಯ ವೃತ್ತದಲ್ಲಿ ಅವನನ್ನು ಸಿಕ್ಕಿಸಿ ಕೇಳಿದಾಗ ಎಲ್ಲ ಹೊರಬರುತ್ತದೆ. ನರಕದ ರಾಜ ಕ್ರೌಲಿ ಜೊತೆ ಅವನ ಒಪ್ಪಂದ ಇದೆ.

ನೀವು ಮಾಡಬೇಕಾದದ್ದು ಇಷ್ಟೇ. ಮುಖ್ಯ ಗುಟ್ಟಿನ ಮಾತು ನಡೆದ ಪ್ರತಿ ದೃಶ್ಯದಲ್ಲಿ ಯಾರ್ಯಾರು ಇದ್ದರು ಅಂತ ಬರೆದುಕೊಳ್ಳಿ. ಮುಂದೆ ಸಹಾಯಕ ಆ ವಿಷಯ ಎತ್ತಿದರೆ ಪಟ್ಟಿ ನೋಡಿ. ಹಾಗಂತ ಪ್ರತಿ ತೊಡಕಿಗೂ ಪಿತೂರಿ ಕಟ್ಟಬೇಡಿ. ಕೆಲವು ಸಲ ಬರಹಗಾರರೇ ಮರೆತಿರುತ್ತಾರೆ. ಜೊತೆಯಲ್ಲಿರುವ ಇನ್ನೊಂದು ಪಾತ್ರವೂ ಅದನ್ನು ಗಮನಿಸಿತಾ, ಕ್ಯಾಮೆರಾ ಅದರ ಮುಖದ ಮೇಲೆ ನಿಂತಿತಾ ಅಂತ ನೋಡಿ. ನಿಂತಿದ್ದರೆ ಅದು ಬೇಕಂತಲೇ ಇಟ್ಟದ್ದು.

ಹಂತ 8: ಗುಟ್ಟು ಸಿಕ್ಕಿತು ಅಂತ ದ್ರೋಹಿ ಅಂದುಬಿಡಬೇಡಿ

ರೂಬಿ ಮತ್ತು ಕ್ಯಾಸ್ಟಿಯೆಲ್ ಇಬ್ಬರೂ ಮುಚ್ಚಿಟ್ಟರು. ಇಬ್ಬರದೂ ಒಂದೇ ತಪ್ಪಾ? ಕ್ಯಾಸ್ಟಿಯೆಲ್‌ಗೆ ಬೇಕಿದ್ದದ್ದು ಪ್ರಳಯವನ್ನು ಮತ್ತೆ ಶುರುಮಾಡಲು ಹೊರಟ ರಾಫೆಲ್ ಎಂಬ ದೊಡ್ಡ ದೇವದೂತನನ್ನು ತಡೆಯುವುದು. ಡೀನ್‌ನ ಸಹಾಯ ಕೇಳಲೆಂದೇ ಒಮ್ಮೆ ಬಂದಿದ್ದ. ಡೀನ್ ಅಂಗಳದಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದ, ಜೀವನದಲ್ಲಿ ಮೊದಲ ಸಲ ನೆಮ್ಮದಿಯಾಗಿದ್ದ. ಅದನ್ನು ನೋಡಿ ಕೇಳದೆ ಹೋದ, ಕ್ರೌಲಿ ಕೈ ಹಿಡಿದ. ಅದರ ಪರಿಣಾಮ ರೂಬಿಯದ್ದಕ್ಕಿಂತ ಸಣ್ಣದೇನಲ್ಲ. ಸೀಸನ್ ಮುಗಿಯುವಾಗ ಲಕ್ಷಾಂತರ ಆತ್ಮಗಳನ್ನು ನುಂಗಿ ನಾನೇ ಹೊಸ ದೇವರು ಅನ್ನುತ್ತಾನೆ. ಆದರೂ ಅವನನ್ನು ರೂಬಿಯ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ರೂಬಿಯ ಗುರಿಯೇ ಸ್ಯಾಮ್‌ನನ್ನು ಬಳಸಿಕೊಳ್ಳುವುದು. ಕ್ಯಾಸ್ಟಿಯೆಲ್ ಗೆಳೆಯರನ್ನು ಉಳಿಸಲು ಹೋಗಿ ಗೆಳೆಯರಿಗೇ ಸುಳ್ಳು ಹೇಳಿದ.

ಇನ್ನೊಂದು ಬಗೆಯೂ ಇದೆ. ಏನನ್ನೂ ಬೇಕಂತ ವಂಚಿಸದೆ, ತಾನೇ ಪೂರ್ತಿ ನಂಬಿ ಹಾಳುಮಾಡುವವರು. ‘ಗೇಮ್ ಆಫ್ ಥ್ರೋನ್ಸ್’ನ ಕೆಂಪು ಬಟ್ಟೆಯ ಮೆಲಿಸಾಂಡ್ರೆ ಅಂಥವಳು. ಬೆಂಕಿಯಲ್ಲಿ ಭವಿಷ್ಯ ಕಾಣುತ್ತದೆ ಅನ್ನುತ್ತಾಳೆ, ಸಿಂಹಾಸನಕ್ಕಾಗಿ ಹೋರಾಡುತ್ತಿರುವ ಸ್ಟಾನಿಸ್ ಗೆಲ್ಲುತ್ತಾನೆ ಅಂತ ಮನಸಾರೆ ನಂಬುತ್ತಾಳೆ. ಅವಳ ಮಾತಿನಂತೆ ಸ್ಟಾನಿಸ್ ತನ್ನ ಮಗಳು ಶಿರೀನ್‌ಳನ್ನೇ ಬೆಂಕಿಗೆ ಕೊಡುತ್ತಾನೆ. ಸೈನ್ಯದ ದಾರಿ ಕಟ್ಟಿದ್ದ ಹಿಮವೇನೋ ಕರಗುತ್ತದೆ, ಆದರೆ ಅರ್ಧ ಸೈನ್ಯ ಬಿಟ್ಟುಹೋಗುತ್ತದೆ, ಸ್ಟಾನಿಸ್ ಸೋಲುತ್ತಾನೆ. ಮುಂದಿನ ಸೀಸನ್‌ನಲ್ಲಿ ಅದೇ ಮೆಲಿಸಾಂಡ್ರೆ ಸತ್ತ ಜಾನ್ ಸ್ನೋನನ್ನು ಬದುಕಿಸುತ್ತಾಳೆ. ಈಗ ಒಳ್ಳೆಯವಳಾ, ಕೆಟ್ಟವಳಾ?

ಉತ್ತರ ಸ್ಟಾನಿಸ್‌ನ ನಂಬಿಕೆಯ ಬಂಟ ಡಾವೋಸ್ ಕೊಡುತ್ತಾನೆ. ಶಿರೀನ್‌ಗೆ ಅವನೇ ಕೆತ್ತಿ ಕೊಟ್ಟಿದ್ದ ಮರದ ಜಿಂಕೆ, ಅರ್ಧ ಸುಟ್ಟದ್ದು, ಅವನಿಗೆ ಸಿಕ್ಕಿರುತ್ತದೆ. ಆರನೇ ಸೀಸನ್‌ನ ಕೊನೆಯಲ್ಲಿ ಅದನ್ನು ಅವಳತ್ತ ಎಸೆದು, ಏನು ಮಾಡಿದೆ ಹೇಳು ಅನ್ನುತ್ತಾನೆ. ಬರೀ ವಾದ ಮಾಡಿದ್ದರೆ ಅವಳು ದೇವರ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದಳು. ಸುಟ್ಟ ಆಟಿಕೆಯ ಮುಂದೆ ಜಾರಲು ಜಾಗವಿಲ್ಲ, ಒಪ್ಪಿಕೊಳ್ಳುತ್ತಾಳೆ. ಸಹಾಯಕರನ್ನು ಪ್ರಶ್ನಿಸುವ ದೃಶ್ಯ ಬರೆಯುವವರು, ಫ್ಯಾನ್ ಫಿಕ್ಷನ್ ಬರೆಯುವವರೂ ಸೇರಿ, ಇದನ್ನು ಎರಡು ಸಲ ನೋಡಿ.

ನೋಟ್‌ಬುಕ್‌ನ ಕೊನೆಯಲ್ಲಿ ಎರಡು ಉತ್ತರ ಬೇರೆ ಬೇರೆ ಬರೆಯಿರಿ. ಇವರಿಗೆ ಏನು ಬೇಕಿತ್ತು? ಇವರಿಂದ ಏನಾಯಿತು? ಎರಡನ್ನೂ ಸೇರಿಸಿ ಒಂದೇ ಪದದಲ್ಲಿ ಹೇಳಲು ಹೋದಾಗಲೇ ಜಗಳ ಶುರುವಾಗುವುದು.

ಹಂತ 9: ಕತೆಯ ಹೊರಗಿನದ್ದನ್ನು ಸುಳಿವು ಅಂದುಕೊಳ್ಳಬೇಡಿ

ಇದನ್ನು ಬೇಗ ಮುಗಿಸುತ್ತೇನೆ. ರೂಬಿಯ ಪಾತ್ರವನ್ನು ಮೂರನೇ ಸೀಸನ್‌ನಲ್ಲಿ ಕೇಟಿ ಕ್ಯಾಸಿಡಿ, ನಾಲ್ಕನೆಯದರಲ್ಲಿ ಜೆನೆವೀವ್ ಕೋರ್ಟೀಸ್ ಮಾಡಿದ್ದಾರೆ. “ಮುಖ ಬದಲಾದಾಗಲೇ ಒಳಗಿರುವುದು ಬೇರೆ ಡೀಮನ್ ಅಂತ ಗೊತ್ತಾಯಿತು” ಅನ್ನುವವರಿದ್ದಾರೆ. ಡೀಮನ್‌ಗಳು ಮೈ ಬದಲಿಸುತ್ತವೆ ಎನ್ನುವುದು ಕತೆಯ ನಿಯಮ, ನಟಿ ಬದಲಾಗಲು ಅದು ಅನುಕೂಲವಾಯಿತು. ಅದರಲ್ಲಿ ಗುಟ್ಟು ಹುಡುಕಬೇಡಿ. ಮೂರನೇ ಸೀಸನ್ 16 ಎಪಿಸೋಡ್‌ಗೇ ಮುಗಿದದ್ದು ಕೂಡ ಆಗ ನಡೆದ ಬರಹಗಾರರ ಮುಷ್ಕರದಿಂದ. ಏನೋ ಒಂದು ಎಳೆ ಅರ್ಧಕ್ಕೇ ನಿಂತಂತೆ ಕಂಡರೆ ಅದನ್ನೂ ರೂಬಿಯ ತಲೆಗೆ ಕಟ್ಟಬೇಡಿ.

ರೆಟ್‌ಕಾನ್ ಅನುಮಾನ ಬಂದಾಗ ಒಂದು ಪ್ರಶ್ನೆ ಸಾಕು. ಗುಟ್ಟು ಗೊತ್ತಾದ ಮೇಲೆ ಹಳೆಯ ದೃಶ್ಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದಾ, ಅಥವಾ ಕೆಟ್ಟುಹೋಗುತ್ತದಾ? ಡೀನ್ ಜೊತೆಗಿನ ರೂಬಿಯ ಆ ಮಾತುಕತೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬರಹಗಾರರು ಮೊದಲೇ ಯೋಚಿಸಿದ್ದರೋ ಇಲ್ಲವೋ, ನೋಡುವವರಿಗೆ ಅಷ್ಟು ಸಾಕು.

ಅಭ್ಯಾಸಕ್ಕೆ

ಪೂರ್ತಿ ಎರಡು ಸೀಸನ್ ಮತ್ತೆ ನೋಡಲು ಪುರುಸೊತ್ತು ಇಲ್ಲದಿದ್ದರೆ ಈ ಎಪಿಸೋಡ್‌ಗಳನ್ನು ಇದೇ ಕ್ರಮದಲ್ಲಿ ನೋಡಿ. ಮೂರನೇ ಸೀಸನ್‌ನ 2, 9, 12 ಮತ್ತು 16. ನಾಲ್ಕನೆಯದರ 9, 16, 18, 21 ಮತ್ತು 22. ಹನ್ನೆರಡನೆಯದರಲ್ಲಿ ಪೊಲೀಸ್ ಸ್ಟೇಷನ್ ಸುತ್ತ ಡೀಮನ್‌ಗಳು ಮುತ್ತಿಗೆ ಹಾಕಿರುತ್ತಾರೆ. ಒಬ್ಬ ಮುಗ್ಧ ಹುಡುಗಿಯನ್ನು ಬಲಿ ಕೊಟ್ಟರೆ ಉಳಿದವರೆಲ್ಲ ಬದುಕುತ್ತಾರೆ ಅನ್ನುತ್ತಾಳೆ ರೂಬಿ. ಅಣ್ಣ-ತಮ್ಮ ಒಪ್ಪುವುದಿಲ್ಲ, ಕಾದಾಡಿ ಗೆದ್ದು ಹೊರಡುತ್ತಾರೆ. ಆಮೇಲೆ ಲಿಲಿತ್ ಬಂದು ಸ್ಟೇಷನ್‌ನಲ್ಲಿದ್ದವರನ್ನೆಲ್ಲ ಕೊಲ್ಲುತ್ತಾಳೆ. ರೂಬಿ ಬಂದು ಇಬ್ಬರನ್ನೂ ಬೈಯುತ್ತಾಳೆ, ನನ್ನ ಮಾತು ಕೇಳಿದ್ದರೆ ಅಷ್ಟೂ ಜನ ಬದುಕುತ್ತಿದ್ದರು ಅನ್ನುತ್ತಾಳೆ. ಆ ಬೈಗುಳದ ಹೊತ್ತಿನಲ್ಲಿ ಸ್ಯಾಮ್‌ನ ಮುಖದ ಮೇಲೆ ಕಣ್ಣಿಡಿ, ಡೀನ್‌ನ ಮೇಲಲ್ಲ. ಮುಂದಿನ ಸಲ ಅವಳ ಮಾತು ಕೇಳಬೇಕು ಅಂತ ಅವನು ತೀರ್ಮಾನ ಮಾಡುತ್ತಿರುವುದು ಅಲ್ಲೇ.